ಜುಬ್ಬ, ಕುಪ್ಪಸ, ಜೇಬು: ಮೈಮೇಲಿನ ಕೆಲವು ಮಾತುಗಳು

ಪ್ರಶ್ನೆ: ನಮ್ಮ ತಾತ ಜೀವಮಾನವಿಡೀ ಬಿಳಿಯ ಜುಬ್ಬ ತೊಟ್ಟವರು. ಈಚೆಗೆ ಮಗನಿಗೊಂದು ಜುಬ್ಬ ಕೊಳ್ಳಲು ಅಂಗಡಿಗೆ ಹೋದಾಗ ಅಲ್ಲಿನ ಹುಡುಗ ‘ಕುರ್ತಾನಾ ಸಾರ್?’ ಎಂದು ನನ್ನನ್ನೇ ತಿದ್ದಿದ. ಕುವೈತಿನಲ್ಲಿ ಕೆಲಸದಲ್ಲಿರುವ ಗೆಳೆಯನಾದರೋ, ಜುಬ್ಬವೆಂದರೆ ಕಣಕಾಲಿನವರೆಗೆ ಬರುವ ನಿಲುವಂಗಿ, ನಿಮ್ಮ ತಾತ ತೊಡುತ್ತಿದ್ದುದು ಜುಬ್ಬವೇ ಅಲ್ಲ ಎನ್ನುತ್ತಾನೆ. ಹಾಗಾದರೆ ಜುಬ್ಬ ಯಾವ ಭಾಷೆಯ ಮಾತು, ಅದರ ಸರಿಯಾದ ಅರ್ಥವೇನು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಂಗಡಿಯ ಹುಡುಗ ಹೇಳಿದ್ದೂ ತಪ್ಪಲ್ಲ, ನಿಮ್ಮ ಗೆಳೆಯರು ಹೇಳಿದ್ದೂ ತಪ್ಪಲ್ಲ, ಹಾಗಿದ್ದರೂ ನಿಮ್ಮ ತಾತನವರು ತೊಟ್ಟದ್ದು ಜುಬ್ಬವೇ. ಕನ್ನಡದಲ್ಲಿ ಜುಬ್ಬ ಎಂದರೆ ತಲೆಯ ಮೇಲಿನಿಂದ ಇಳಿಸಿ ತೊಡುವ, ಎದೆಯ ಅರ್ಧದವರೆಗೆ ಮಾತ್ರ ಸೀಳಿ ಗುಂಡಿ ಹಾಕಿದ, ತುಂಬುತೋಳಿನ, ಎರಡೂ ಪಕ್ಕದಲ್ಲಿ ಸೀಳುಬಿಟ್ಟ, ತೊಡೆಯವರೆಗೋ ಮೊಣಕಾಲಿನವರೆಗೋ ಇಳಿಬಿದ್ದ ಸಡಿಲವಾದ ಅಂಗಿ. ಪಂಚೆಯ ಮೇಲೂ ಅದು ಒಪ್ಪುತ್ತದೆ, ಪೈಜಾಮದ ಮೇಲೂ ಒಪ್ಪುತ್ತದೆ. ಈ ಅರ್ಥ ನಮ್ಮಲ್ಲಿ ಚೆನ್ನಾಗಿ ನೆಲೆಯೂರಿರುವುದರಿಂದ ಇದನ್ನು ತಪ್ಪು ಬಳಕೆ ಎನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ಮಾತಿನ ಹುಟ್ಟೂರಿನಲ್ಲಿ ಅದು ಹೆಸರಿಸುತ್ತಿದ್ದ ಉಡುಪು ಬೇರೆ, ನಿಮ್ಮ ಗೆಳೆಯರ ಆಕ್ಷೇಪದ ಮೂಲವೂ ಅಲ್ಲಿಯೇ ಇದೆ.

ಜುಬ್ಬ ಅರಬ್ಬಿ ಭಾಷೆಯ ಮಾತು. ಅಲ್ಲಿ ಅದು ಉಳಿದೆಲ್ಲ ಬಟ್ಟೆಗಳ ಮೇಲೆ ತೊಡುತ್ತಿದ್ದ ಹೊರ ಉಡುಪು. ಸಾಮಾನ್ಯವಾಗಿ ಮುಂಭಾಗ ಪೂರ್ತಿ ತೆರೆದಿದ್ದು, ಅಗಲವಾದ ತೋಳುಗಳಿದ್ದು, ಪಾದದ ಹತ್ತಿರದವರೆಗೆ ಇಳಿಯುವಂಥದ್ದು. ತೋಳು ಯಾವಾಗಲೂ ಅಗಲವಾಗಿಯೇ ಇರುತ್ತಿತ್ತು ಎಂದು ಭಾವಿಸಬೇಕಾಗಿಲ್ಲ. ಪ್ರವಾದಿ ಮುಹಮ್ಮದರು ಪ್ರಯಾಣದಲ್ಲಿದ್ದಾಗ ಒಮ್ಮೆ ಸಿರಿಯಾ ದೇಶದ ಜುಬ್ಬವೊಂದನ್ನು ತೊಟ್ಟಿದ್ದರೆಂದೂ, ಪ್ರಾರ್ಥನೆಗೆ ಮುನ್ನ ಕೈ ತೊಳೆಯಲು ಅದರ ಬಿಗಿಯಾದ ತೋಳನ್ನು ಮೇಲಕ್ಕೆ ಸರಿಸಲಾಗದೆ ಉಡುಪಿನ ಕೆಳಗಿನಿಂದಲೇ ಕೈಗಳನ್ನು ಹೊರತೆಗೆದರೆಂದೂ ಹದೀಸಿನಲ್ಲಿ ಒಂದು ಪ್ರಸಂಗ ಬರುತ್ತದೆ. ಇಷ್ಟು ಹಳೆಯ ಕಾಲದಲ್ಲಿಯೇ ಊರಿಂದೂರಿಗೆ ಜುಬ್ಬದ ಕತ್ತರಿಪು ಬೇರೆಯಾಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ಬೇಡ. ಮುಂದೆ ಈ ಉಡುಪು ವಿದ್ವಾಂಸರ ಮತ್ತು ಧರ್ಮಪಂಡಿತರ ಗುರುತಾಯಿತು. ಉರ್ದುವಿನಲ್ಲಿ ಇಂದಿಗೂ ‘ಜುಬ್ಬಾ ಮತ್ತು ದಸ್ತಾರ್’, ಅಂದರೆ ನಿಲುವಂಗಿ ಮತ್ತು ಮುಂಡಾಸು ಎಂಬ ಜೋಡಿಮಾತು ಪಂಡಿತನ ಪದವಿಯನ್ನೇ ಸೂಚಿಸುತ್ತದೆ. ನಮ್ಮ ಕರಾವಳಿಯ ಮುಸ್ಲಿಮರ ಮನೆಗಳಲ್ಲಿಯೂ ಜುಬ್ಬ ಎಂದರೆ ಕಣಕಾಲು ಮುಟ್ಟುವ ಉದ್ದನೆಯ ಅಂಗಿಯೇ. ಹೀಗಾಗಿ ಕನ್ನಡದೊಳಗೇ ಈ ಮಾತಿಗೆ ಎರಡು ಉದ್ದಗಳಿವೆ ಎನ್ನಬಹುದು. ನಿಮ್ಮ ಗೆಳೆಯರದು ಉದ್ದನೆಯ ಜುಬ್ಬ, ನಿಮ್ಮ ತಾತನವರದು ಗಿಡ್ಡನೆಯದು.

ಈ ಮಾತು ಅರಬ್ಬಿಯಿಂದ ನೇರವಾಗಿ ನಮ್ಮಲ್ಲಿಗೆ ಬಂದದ್ದಲ್ಲ. ಪಾರಸಿಯನ್ನೂ ದಖನಿ ಉರ್ದುವನ್ನೂ ದಾಟಿ ಬಂದದ್ದು. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಹುಟ್ಟಿದ ಮೇಲೆ, ಆಮೇಲೆ ವಿಜಾಪುರದ ಆದಿಲಶಾಹಿಗಳ ಕಾಲದಲ್ಲಿ, ಅನಂತರ ಹೈದರ್ ಮತ್ತು ಟಿಪ್ಪುವಿನ ಆಡಳಿತದಲ್ಲಿ ಪಾರಸಿಯ ಸಾವಿರಾರು ಮಾತುಗಳು ಕನ್ನಡಕ್ಕೆ ಬಂದವು. ಮರಾಠಿಯಲ್ಲಿ ಇದೇ ಉಡುಪಿಗೆ ‘ಝಬ್ಬಾ’ ಎನ್ನುತ್ತಾರೆ, ತಮಿಳಿನಲ್ಲಿ ‘ಜಿಪ್ಪಾ’ ಎನ್ನುತ್ತಾರೆ. ಮೊದಲ ಸ್ವರವನ್ನು ಇದ್ದಂತೆ ‘ಉ’ ಎಂದೇ ಉಳಿಸಿಕೊಂಡವರು ನಾವು, ತೆಲುಗರು ಮತ್ತು ಮಲಯಾಳಿಗಳು. ಆದ್ದರಿಂದ ಕನ್ನಡದ ಜುಬ್ಬ ಮರಾಠಿಯ ಮೂಲಕ ಬಂದಿರಲಾರದು ಎಂಬುದು ನನ್ನ ಎಣಿಕೆ.

ಇನ್ನೊಂದು ಸಂಗತಿಯನ್ನು ಗಮನಿಸಿ. ಪಾರಸಿ, ಉರ್ದು ಭಾಷೆಗಳಿಂದ ಬಂದ ‘ಆ’ಕಾರಾಂತ ಮಾತುಗಳನ್ನು ಕನ್ನಡ ಸಾಮಾನ್ಯವಾಗಿ ‘ಎ’ಕಾರಕ್ಕೆ ತಿರುಗಿಸಿಕೊಂಡಿದೆ: ಜಿಲ್ಲಾ ಜಿಲ್ಲೆಯಾಯಿತು, ಖಜಾನಾ ಖಜಾನೆಯಾಯಿತು, ಕಾರ್ಖಾನಾ ಕಾರ್ಖಾನೆಯಾಯಿತು, ನಮೂನಾ ನಮೂನೆಯಾಯಿತು. ಸಂಸ್ಕೃತದ ಮಾಲಾ ಮಾಲೆಯಾದ, ಸೀತಾ ಸೀತೆಯಾದ ಹಳೆಯ ಕ್ರಮವೇ ಇದು. ಆ ಲೆಕ್ಕದಲ್ಲಿ ನಾವು ಇಂದು ‘ಜುಬ್ಬೆ’ ಎನ್ನಬೇಕಾಗಿತ್ತು. ಹಾಗೆ ಆಗದೆ ಜುಬ್ಬ, ಪೈಜಾಮ ಎಂದೇ ಉಳಿದಿರುವುದನ್ನು ನೋಡಿದರೆ, ಇವು ಶಾನುಭೋಗರ ಕಡತದ ಮೂಲಕ ಬಾರದೆ ದರ್ಜಿಯ ಬಾಯಿಂದ, ಬಹುಶಃ ಸ್ವಲ್ಪ ತಡವಾಗಿ ಬಂದವೆಂದು ತೋರುತ್ತದೆ. ಇದು ನನ್ನ ಊಹೆ. ಊಹೆಗೆ ಸಲ್ಲುವಷ್ಟೇ ಮರ್ಯಾದೆಯನ್ನು ಓದುಗರು ಇದಕ್ಕೆ ಕೊಟ್ಟರೆ ಸಾಕು.

ಇಪ್ಪತ್ತನೆಯ ಶತಮಾನದಲ್ಲಿ ಈ ಮಾತಿಗೆ ಹೊಸ ಬಲ ಕೊಟ್ಟದ್ದು ಖಾದಿ. ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆದ ಕಾಲದಿಂದ ಮುಂದಕ್ಕೆ ಖಾದಿ ಜುಬ್ಬವೆಂಬುದು ಚಳವಳಿಗಾರರ, ಮೇಷ್ಟ್ರುಗಳ, ಕೊನೆಗೆ ರಾಜಕಾರಣಿಗಳ ಸಮವಸ್ತ್ರದಂತಾಯಿತು. ಅದರ ಜೊತೆಗೆ ಬಗಲಚೀಲವೂ ಸೇರಿದರೆ ತೊಟ್ಟವನು ಸಾಹಿತಿಯೇ ಇರಬೇಕೆಂದು ಬಸ್ಸಿನಲ್ಲಿ ಪಕ್ಕದವರು ತೀರ್ಮಾನಿಸುತ್ತಿದ್ದ ಕಾಲವೂ ಒಂದಿತ್ತು. (ಈ ಅಂಕಣಕಾರನನ್ನು ಹಾಗೆ ಗುರುತಿಸಿ ಕವನ ಓದಲು ಹೇಳಿದವರೂ ಉಂಟು.) ಈಗ ಅಂಗಡಿಗಳಲ್ಲಿ ಜುಬ್ಬದ ಜಾಗಕ್ಕೆ ಕುರ್ತಾ ಬಂದಿದೆ. ಕುರ್ತಾ ಪಾರಸಿಯಿಂದ ಬಂದ ಮಾತು; ಅಂದರೆ ಅಂಗಡಿಯ ಹುಡುಗ ಮಾಡಿದ್ದು ಅರಬ್ಬಿಯ ಮಾತನ್ನು ತೆಗೆದು ಪಾರಸಿಯ ಮಾತನ್ನು ಇಟ್ಟದ್ದು ಅಷ್ಟೇ. ಇದರಿಂದ ಕನ್ನಡಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎನ್ನಬಹುದಾಗಿತ್ತು. ಆದರೆ ಜುಬ್ಬ ನಮ್ಮ ನಾಲಗೆಗೆ ಪಳಗಿದ ಮಾತು, ‘ಜುಬ್ಬದ ತೋಳು’, ‘ಜುಬ್ಬವನ್ನು ಒಗೆ’ ಎಂದು ವಿಭಕ್ತಿ ಪ್ರತ್ಯಯಗಳನ್ನು ತಕರಾರಿಲ್ಲದೆ ಹಚ್ಚಿಸಿಕೊಳ್ಳುವ ಮಾತು. ಕುರ್ತಾ ಇನ್ನೂ ದೀರ್ಘವನ್ನು ಬಿಟ್ಟುಕೊಡದೆ ಅತಿಥಿಯ ಹಾಗೆ ಕುಳಿತಿದೆ. ನಾನಂತೂ ಜುಬ್ಬವನ್ನೇ ಕೇಳಿ ಕೊಳ್ಳುತ್ತೇನೆ.

ನಮ್ಮಲ್ಲಿಗೆ ಬಂದ ಜುಬ್ಬ ಉದ್ದವನ್ನಷ್ಟೇ ಕಳೆದುಕೊಂಡಿತು. ಯೂರೋಪಿನ ಕಡೆಗೆ ಹೋದ ಜುಬ್ಬದ ಕಥೆಯಾದರೋ ಹರಿಕಥೆಗೆ ಆಗುವಷ್ಟಿದೆ. ಅರಬರು ಆಳಿದ ಸ್ಪೇನ್ ಮತ್ತು ಸಿಸಿಲಿಗಳ ಮೂಲಕ ಅದು ಸ್ಪ್ಯಾನಿಷ್ ಭಾಷೆಯಲ್ಲಿ ‘ಅಲ್ಹೂಬ’ ಎಂದು ಅರಬ್ಬಿಯ ‘ಅಲ್’ ಎಂಬ ಉಪಪದವನ್ನೂ ಸೇರಿಸಿಕೊಂಡು ನಿಂತಿತು. ಇಟಲಿಯಲ್ಲಿ ‘ಜುಬ್ಬ’ ಎಂದೇ ಉಳಿದು ಮೇಲಂಗಿಯ ಹೆಸರಾಯಿತು. ಫ್ರಾನ್ಸಿನಲ್ಲಿ ‘ಝೂಪ್’ ಎಂದಾಗಿ, ಮೊದಲು ಮೇಲುಡುಪಿಗೆ ಸಂದು, ಬರುಬರುತ್ತ ಸೊಂಟದಿಂದ ಕೆಳಕ್ಕಿಳಿದು, ಇಂದು ಹೆಂಗಸರ ಲಂಗವನ್ನು ಮಾತ್ರ ಹೇಳುತ್ತದೆ. ಜರ್ಮನಿಯಲ್ಲಿ ಅದೇ ಮಾತು ‘ಯೊಪ್ಪೆ’ ಎಂದಾಗಿ ಗಂಡಸರ ದಪ್ಪ ಜಾಕೆಟ್ಟಾಗಿದೆ. ರಷ್ಯನ್ ಭಾಷೆ ಇದನ್ನು ಎರಡು ಸಲ ಎರವಲು ತಂದಿತು: ಒಂದು ದಾರಿಯಲ್ಲಿ ಬಂದದ್ದು ‘ಶೂಬ’, ಅದು ಮೈತುಂಬ ಹೊದೆಯುವ ತುಪ್ಪಟದ ಕೋಟು, ಇನ್ನೊಂದು ದಾರಿಯಲ್ಲಿ ಬಂದದ್ದು ‘ಯೂಬ್ಕ’, ಅದು ಲಂಗ. ರಷ್ಯದ ಹೆಂಗಸು ಚಳಿಗಾಲದಲ್ಲಿ ಲಂಗದ ಮೇಲೆ ತುಪ್ಪಟದ ಕೋಟು ತೊಟ್ಟಳೆಂದರೆ ಒಂದು ಜುಬ್ಬದ ಮೇಲೆ ಇನ್ನೊಂದು ಜುಬ್ಬ ತೊಟ್ಟಂತೆಯೇ ಸರಿ.

ಇಂಗ್ಲಿಷಿನ ‘ಜಂಪರ್’ ಸಹ ಈ ಬಳಗಕ್ಕೆ ಸೇರಿದ್ದೆಂದು ನಿಘಂಟುಕಾರರು ಹೆಚ್ಚಾಗಿ ಒಪ್ಪುತ್ತಾರೆ. ಜಿಗಿಯುವುದಕ್ಕೂ ಅದಕ್ಕೂ ನಂಟಿಲ್ಲ. ಫ್ರೆಂಚಿನ ಝೂಪ್ ಇಂಗ್ಲಿಷರ ಬಾಯಲ್ಲಿ ಸೊಟ್ಟಗಾಗಿ, ಅವರಿಗೆ ಗೊತ್ತಿದ್ದ ‘ಜಂಪ್’ ಎಂಬ ರೂಪವನ್ನು ಪಡೆಯಿತು. ಬ್ರಿಟನ್ನಿನಲ್ಲಿ ಇಂದು ಜಂಪರ್ ಎಂದರೆ ಉಣ್ಣೆಯ ಸ್ವೆಟರ್, ಅಮೆರಿಕದಲ್ಲಿ ತೋಳಿಲ್ಲದ ಹೆಣ್ಣುಮಕ್ಕಳ ಉಡುಪು. ನವೆಂಬರಿನ ಚಳಿಯಲ್ಲಿ ಲಂಡನ್ನಿನ ಕನ್ನಡಿಗರೊಬ್ಬರು ರಾಜ್ಯೋತ್ಸವಕ್ಕೆಂದು ಜುಬ್ಬ ತೊಟ್ಟು, ಅದರ ಮೇಲೆ ಜಂಪರ್ ಏರಿಸಿಕೊಂಡು ಹೊರಟರೆ ಅವರ ಮೈಮೇಲೆ ದೂರದ ನೆಂಟರಿಬ್ಬರು ಬಹುಕಾಲದ ಮೇಲೆ ಒಂದುಗೂಡಿದಂತಾಗುತ್ತದೆ.

ಜುಬ್ಬವನ್ನು ನಿಲುವಂಗಿ ಎಂದು ಕನ್ನಡಿಸಬಹುದೇ ಎಂಬ ಸಂದೇಹವೂ ನಿಮ್ಮ ಪತ್ರದ ಒಳಗೆ ಅಡಗಿದೆ. ನಿಲುವು ಎಂದರೆ ಆಳಿನ ಎತ್ತರ. ಆಳೆತ್ತರದ ಅಂಗಿ ನಿಲುವಂಗಿ. ಅರಬ್ಬಿಯ ಜುಬ್ಬಕ್ಕೆ ಈ ಹೆಸರು ಪೂರ್ತಿಯಾಗಿ ಒಪ್ಪುತ್ತದೆ. ತುರ್ಕಿಯಲ್ಲಿ ‘ಜುಬ್ಬೆ’ ಎಂದರೆ ಇಮಾಮರ ನಿಲುವಂಗಿ. ಅಲ್ಲಿನ ವಕೀಲರೂ ನ್ಯಾಯಾಧೀಶರೂ ಪ್ರಾಧ್ಯಾಪಕರೂ ತೊಡುವ ಗೌನಿಗೂ ಅದೇ ಹೆಸರು. (ನಮಗೆ ದಕ್ಕದೆ ಹೋದ ‘ಎ’ಕಾರ ಅವರಿಗೆ ದಕ್ಕಿದೆ!) ಸುಡಾನಿನಲ್ಲಿ 1881ರಲ್ಲಿ ತಾನೇ ಮಹದಿ, ಅಂದರೆ ಬರಲಿರುವ ಧರ್ಮೋದ್ಧಾರಕ, ಎಂದು ಸಾರಿಕೊಂಡ ಮುಹಮ್ಮದ್ ಅಹ್ಮದನ ಅನುಯಾಯಿಗಳು ಬಡತನದ ಗುರುತಾಗಿ ತೇಪೆ ಹಚ್ಚಿದ ಜುಬ್ಬವನ್ನು ತೊಡುತ್ತಿದ್ದರು, ಕೆಲವೇ ವರ್ಷಗಳಲ್ಲಿ ಆ ತೇಪೆಗಳು ಬಣ್ಣಬಣ್ಣದ, ಅಳತೆಗೆ ತಕ್ಕಂತೆ ಕತ್ತರಿಸಿ ಹೊಲಿದ ಅಲಂಕಾರಗಳಾಗಿ ಸೈನ್ಯದ ಸಮವಸ್ತ್ರವೇ ಆಗಿಬಿಟ್ಟಿತು. ಇವೆಲ್ಲ ನಿಲುವಂಗಿಗಳು. ಮೊಣಕಾಲನ್ನೂ ದಾಟದ ನಮ್ಮ ಜುಬ್ಬವನ್ನು ನಿಲುವಂಗಿ ಎಂದು ಕರೆದರೆ ಮಾತು ಉದ್ದವಾಗುತ್ತದೆಯೇ ಹೊರತು ಬಟ್ಟೆ ಉದ್ದವಾಗುವುದಿಲ್ಲ.

ಪ್ರಶ್ನೆ: ಜುಬ್ಬ ಹೊರಗಿನಿಂದ ಬಂದ ಮಾತೆಂದರೆ, ಅದಕ್ಕಿಂತ ಮೊದಲು ಕನ್ನಡ ನಾಡಿನ ಗಂಡಸರು ಹೊಲಿದ ಮೇಲುಡುಪನ್ನೇ ತೊಡುತ್ತಿರಲಿಲ್ಲವೇ? ತೊಡುತ್ತಿದ್ದರೆ ಅದಕ್ಕೆ ಏನೆನ್ನುತ್ತಿದ್ದರು?
– ಓದುಗರೊಬ್ಬರು, ಗದಗ

ಉತ್ತರ: ತೊಡುತ್ತಿದ್ದರು. ಅದರ ಹೆಸರು ಇಂದಿಗೂ ನಿಮ್ಮ ಊರಿನಲ್ಲಿ ಬಳಕೆಯಲ್ಲಿದೆ, ಆದರೆ ಗಂಡಸರ ಮೈಮೇಲೆ ಇಲ್ಲ. ನಾನು ಹೇಳುತ್ತಿರುವುದು ಕುಪ್ಪಸವನ್ನು.

ಸಂಸ್ಕೃತದ ‘ಕೂರ್ಪಾಸ’ ಕನ್ನಡದಲ್ಲಿ ಕುಪ್ಪಸವಾಯಿತು. ಕರ್ಪೂರ ಕಪ್ಪುರವಾದಂತೆ, ಕರ್ಪಟ ಕಪ್ಪಡವಾದಂತೆ ಇಲ್ಲಿಯೂ ರಕಾರ ಬಿದ್ದುಹೋಗಿ ಪಕಾರ ಇಮ್ಮಡಿಸಿದೆ. ಅಮರಕೋಶ ‘ಚೋಲ’ ಮತ್ತು ‘ಕೂರ್ಪಾಸಕ’ಗಳನ್ನು ಸಮಾನಪದಗಳೆಂದು ಹೇಳುತ್ತದೆ, ಆ ಚೋಲವೇ ಚೋಳಿಯ ಮೂಲ. ‘ಕೂರ್ಪರ’ ಎಂದರೆ ಮೊಣಕೈ ಆದ್ದರಿಂದ ಮೊಣಕೈಯವರೆಗೆ ತೋಳುಳ್ಳದ್ದು ಕೂರ್ಪಾಸ ಎಂದು ಹಿಂದಿನವರು ವ್ಯುತ್ಪತ್ತಿ ಹೇಳಿದ್ದಾರೆ. ಇದನ್ನು ಪೂರ್ತಿ ನಂಬಬೇಕಾಗಿಲ್ಲವಾದರೂ ಉಡುಪಿನ ಚಿತ್ರವಂತೂ ಇದರಿಂದ ಕಣ್ಣಿಗೆ ಕಟ್ಟುತ್ತದೆ. ಕೂರ್ಪಾಸವನ್ನು ಗಂಡಸರೂ ಹೆಂಗಸರೂ ತೊಡುತ್ತಿದ್ದರು. ಕಾಳಿದಾಸನ ಹೆಸರಿನಲ್ಲಿರುವ ಋತುಸಂಹಾರದ ಶಿಶಿರ ವರ್ಣನೆಯಲ್ಲಿ ಹೆಂಗಸರು ಬಿಗಿಯಾದ ಕೂರ್ಪಾಸಕವನ್ನು ತೊಟ್ಟಿದ್ದರೆ, ಏಳನೆಯ ಶತಮಾನದ ಬಾಣಭಟ್ಟನ ಹರ್ಷಚರಿತದಲ್ಲಿ ದಂಡಯಾತ್ರೆಗೆ ಸಿದ್ಧರಾದ ರಾಜರು ತೊಟ್ಟಿದ್ದಾರೆ. ಯೋಧರು ಕವಚದಂತೆ ತೊಡುವ ದಪ್ಪನೆಯ ಅಂಗಿಗೂ ಈ ಹೆಸರು ಸಲ್ಲುತ್ತಿತ್ತು.

ಕನ್ನಡ ನಾಡಿನ ರಾಜಸಭೆಯಲ್ಲಿ ಇದು ಬಳಕೆಯಲ್ಲಿತ್ತು ಎಂಬುದಕ್ಕೆ ಒಂದು ಸೊಗಸಾದ ಸಾಕ್ಷಿ ತೆಲುಗಿನಿಂದ ಸಿಗುತ್ತದೆ. ಹದಿನೈದನೆಯ ಶತಮಾನದಲ್ಲಿ ತೆಲುಗಿನ ಮಹಾಕವಿ ಶ್ರೀನಾಥ ಪ್ರೌಢದೇವರಾಯನ ಆಸ್ಥಾನವನ್ನು ಹುಡುಕಿಕೊಂಡು ವಿಜಯನಗರಕ್ಕೆ ಬಂದನಷ್ಟೆ. ದರ್ಶನ ಸಿಗದೆ ಕಾದು ಬೇಸತ್ತು ಅವನು ಹೇಳಿದ್ದೆಂದು ಪ್ರಸಿದ್ಧವಾದ ಚಾಟುಪದ್ಯವೊಂದಿದೆ: ತಲೆಗೆ ಕುಳ್ಳಾಯಿ ಇಟ್ಟೆ, ಕೋಕ (ಬಟ್ಟೆ) ಸುತ್ತಿದೆ, ಮಹಾಕೂರ್ಪಾಸವನ್ನು ತೊಟ್ಟೆ, ಬೆಳ್ಳುಳ್ಳಿ ಹಾಕಿದ ಎಳ್ಳಿನ ಹಿಂಡಿಯನ್ನು ತಿಂದೆ, ಮಜ್ಜಿಗೆಯ ಅಂಬಲಿ ಕುಡಿದೆ, ತಾಯೇ ಕನ್ನಡ ರಾಜ್ಯಲಕ್ಷ್ಮಿ, ಇನ್ನೂ ದಯೆ ಬರಲಿಲ್ಲವೇ, ನಾನು ಶ್ರೀನಾಥ. ನಮ್ಮ ಅಂಬಲಿಯನ್ನು ಹೀಗೆ ಹಳಿದದ್ದಕ್ಕೆ ಅವನನ್ನು ಕ್ಷಮಿಸಿಬಿಡೋಣ. ಆಸ್ಥಾನದ ಉಡುಪನ್ನು ಪಟ್ಟಿಮಾಡಿ ಕೊಟ್ಟದ್ದಕ್ಕೆ ಅವನಿಗೆ ಋಣಿಯಾಗಿರೋಣ. ಮೈಮೇಲೆ ಬಟ್ಟೆ ಹೊದ್ದು ಹೋಗುವ ರೂಢಿಯ ಕವಿ ಈ ಸಭೆಗೆ ಬರಲು ಹೊಲಿದ ಅಂಗಿಯನ್ನೂ ಟೊಪ್ಪಿಗೆಯನ್ನೂ ತೊಡಬೇಕಾಯಿತು, ಆ ಅಂಗಿ ಅವನಿಗೆ ‘ಮಹಾ’ ಎನಿಸುವಷ್ಟು ದೊಡ್ಡದಾಗಿತ್ತು ಎಂಬುದನ್ನು ಇದರಿಂದ ತಿಳಿಯಬಹುದು.

ಅದೇ ಕಾಲದ ಇನ್ನೊಂದು ಹೊರ ಉಡುಪಿನ ಹೆಸರು ಕಬಾಯಿ. ಇದು ಅರಬ್ಬಿಯ ‘ಕಬಾ’ ಎಂಬ ಮಾತು, ಮುಂದೆ ತೆರೆದ ಉದ್ದನೆಯ ಅಂಗಿ. ಕುಳ್ಳಾಯಿ ಎಂಬುದೂ ಪಾರಸಿಯ ‘ಕುಲಾಹ್’ ಎಂಬ ಟೊಪ್ಪಿಗೆಯೇ. ಲೇಪಾಕ್ಷಿಯ ವೀರಭದ್ರ ದೇವಾಲಯದ ಚಾವಣಿಯ ಚಿತ್ರಗಳಲ್ಲಿ ಗಂಡಸರು ತೊಟ್ಟಿರುವ ಬಿಳಿಯ ಉದ್ದನೆಯ ಅಂಗಿಗಳನ್ನೂ, ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಲೋಹದ ಪ್ರತಿಮೆಯ ತಲೆಯ ಮೇಲಿನ ನೀಳವಾದ ಟೊಪ್ಪಿಗೆಯನ್ನೂ ನೋಡಿದರೆ ಈ ಎರಡು ಮಾತುಗಳ ಅರ್ಥಕ್ಕೆ ನಿಘಂಟು ಬೇಕಾಗುವುದಿಲ್ಲ. ಅಂದರೆ ಸುಲ್ತಾನರ ಆಡಳಿತ ತಮ್ಮ ಮೇಲಿಲ್ಲದಿದ್ದಾಗಲೂ ವಿಜಯನಗರದವರು ಅವರ ಆಸ್ಥಾನದ ಉಡುಪನ್ನು, ಅದು ಆ ಕಾಲದ ದೊಡ್ಡಸ್ತಿಕೆಯ ಗುರುತೆಂದು, ತಾವಾಗಿಯೇ ತೊಟ್ಟುಕೊಂಡರು. ಇಂದು ಸೂಟು ತೊಡುವವರೂ ಅದನ್ನೇ ಮಾಡುತ್ತಿದ್ದಾರೆ.

ಮುಂದೆ ಈ ಮಾತುಗಳಿಗೆ ಏನಾಯಿತು ನೋಡಿ. ಕಬಾಯಿ ಕನ್ನಡದಲ್ಲಿ ಹೆಚ್ಚುಕಡಿಮೆ ಮರೆಯಾಯಿತು. ಅದರ ಅಣ್ಣನೊ ತಮ್ಮನೊ ಪೋರ್ಚುಗೀಸರ ಹಡಗೇರಿ ಇಂಡೋನೇಷ್ಯ, ಮಲೇಷ್ಯಗಳಿಗೆ ಹೋಗಿ ‘ಕೆಬಾಯ’ ಎಂಬ ಹೆಂಗಸರ ರವಿಕೆಯಾಗಿ ಬಾಳುತ್ತಿದೆ. ರಾಜನ ತಲೆಯ ಮೇಲಿದ್ದ ಕುಳ್ಳಾಯಿ ‘ಕುಲಾವಿ’ಯಾಗಿ ಹಸುಗೂಸಿನ ತಲೆಗೆ ಇಳಿಯಿತು. ಕವಚದ ದರ್ಜೆಯಲ್ಲಿದ್ದ ಕುಪ್ಪಸ ಹೆಂಗಸರಿಗೆ ಮಾತ್ರ ಉಳಿಯಿತು. ನಿಮ್ಮ ಕಡೆ ಅದು ‘ಕುಬಸ’ ಎಂದು ಸವೆದು, ಬಸುರಿಗೆ ಸೀರೆ ಕುಬಸ ಉಡುಗೊರೆ ಕೊಡುವ ಶಾಸ್ತ್ರಕ್ಕೇ ಹೆಸರಾಗಿದೆ. ‘ಮಗಳ ಕುಬಸ ಐತಿ, ಬರ್ರಿ’ ಎಂದು ಕರೆಯುವಾಗ ಬಾಣನ ರಾಜರು ಯಾರಿಗೆ ನೆನಪಾಗಬೇಕು?

ಗಂಡಸರ ಮೈಮೇಲೆ ಈ ಬಳಗದ ಮಾತು ಉಳಿದಿರುವುದನ್ನು ಕಾಣಬೇಕಾದರೆ ಕೊಡಗಿಗೆ ಹೋಗಬೇಕು. ಮೊಣಕಾಲಿನವರೆಗೆ ಬರುವ, ಮುಂದೆ ತೆರೆದ, ತೋಳು ಮೊಣಕೈಗೇ ನಿಲ್ಲುವ ಕೊಡವರ ‘ಕುಪ್ಯ’ವನ್ನು ಬಿಳಿಯ ಅಂಗಿಯ ಮೇಲೆ ತೊಟ್ಟು, ನಡುವಿಗೆ ಕೆಂಪು ರೇಷ್ಮೆಯ ಚೇಲೆ ಬಿಗಿದು, ಅದಕ್ಕೆ ಪೀಚೆಕತ್ತಿ ಸಿಕ್ಕಿಸುತ್ತಾರೆ. ಸಾಮಾನ್ಯವಾಗಿ ಕುಪ್ಯ ಕಪ್ಪು, ಮದುಮಗನಿಗೆ ಬಿಳಿ. ಮಲಯಾಳದ ‘ಕುಪ್ಪಾಯಂ’ ಎಂಬುದನ್ನು ನಡುವೆ ಇಟ್ಟು ನೋಡಿದರೆ ಕುಪ್ಯಕ್ಕೂ ಕುಪ್ಪಸಕ್ಕೂ ಇರುವ ನಂಟು ತೋರುತ್ತದೆ ಎಂದು ನನ್ನ ಅಭಿಪ್ರಾಯ. ಮೊಣಕೈಯ ವ್ಯುತ್ಪತ್ತಿ ಹೇಳಿದ ಪಂಡಿತರು ಕೊಡವರ ಮದುವೆಯೊಂದಕ್ಕೆ ಬಂದಿದ್ದರೆ ತಮ್ಮ ಮಾತೇ ಗೆದ್ದಿತೆಂದು ಹಿಗ್ಗುತ್ತಿದ್ದರು.

ಪ್ರಶ್ನೆ: ಜುಬ್ಬಕ್ಕೆ ಎರಡೂ ಬದಿಯಲ್ಲಿ ಜೇಬು ಇರುತ್ತದೆ. ಜುಬ್ಬ, ಜೇಬು ಎರಡೂ ಒಂದೇ ಧಾತುವಿನಿಂದ ಬಂದವೇ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಇಲ್ಲ. ಎರಡೂ ಅರಬ್ಬಿಯವೇ ಆದರೂ ಧಾತುಗಳು ಬೇರೆ. ಜುಬ್ಬದಲ್ಲಿ ಬಕಾರ ಎರಡು ಸಲ ಬಂದಿದೆ, ಜೇಬಿನ ಮೂಲವಾದ ‘ಜೈಬ್’ನಲ್ಲಿ ನಡುವೆ ಯಕಾರವಿದೆ. ಜೈಬ್ ಎಂದರೆ ಮೊದಲಿಗೆ ಅಂಗಿಯ ಕೊರಳಿನಿಂದ ಎದೆಗೆ ಇಳಿಯುವ ಸೀಳು, ಆ ಸೀಳಿನ ಒಳಗಿನ ಮಡಿಲು. ನಮ್ಮ ಅಜ್ಜಿಯರು ದುಡ್ಡನ್ನು ಕುಪ್ಪಸದೊಳಗೆ ಇಡುತ್ತಿದ್ದಂತೆ ಅಲ್ಲಿನವರೂ ಬೆಲೆಬಾಳುವುದನ್ನು ಎದೆಯ ಮಡಿಲಿನಲ್ಲಿ ಇಡುತ್ತಿದ್ದುದರಿಂದ, ಮುಂದೆ ಅಂಗಿಗೆ ಹೊಲಿದ ಚೀಲಕ್ಕೆ ಅದೇ ಹೆಸರು ಬಂತು.

ಗಣಿತ ಓದುವವರು ನೀವಾದರೆ ಇನ್ನೊಂದು ವಿಷಯ ನಿಮಗೆ ಇಷ್ಟವಾಗಬಹುದು. ಆರ್ಯಭಟನೇ ಮೊದಲಾದವರ ‘ಜ್ಯಾ’ ಅಥವಾ ‘ಜೀವಾ’, ಅಂದರೆ ಬಿಲ್ಲಿನ ಹೆದೆ, ಅರಬ್ಬಿಗೆ ಹೋದಾಗ ‘ಜೀಬ’ ಎಂದು ಬರೆಯಲ್ಪಟ್ಟಿತು. ಅರಬ್ಬಿಯಲ್ಲಿ ಹ್ರಸ್ವ ಸ್ವರಗಳನ್ನು ಬರೆಯುವ ರೂಢಿ ಇಲ್ಲವಾದ್ದರಿಂದ ಅದನ್ನೇ ‘ಜೈಬ್’ ಎಂದು ಓದಿಕೊಂಡರು. ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್ನಿಗೆ ಅನುವಾದಿಸಿದವರು ಅಂಗಿಯ ಮಡಿಲು ಎಂಬ ಅರ್ಥದ ‘ಸೈನಸ್’ ಪದವನ್ನು ಬಳಸಿದರು. ತ್ರಿಕೋನಮಿತಿಯ ‘ಸೈನ್’ ಹುಟ್ಟಿದ್ದು ಹೀಗೆ, ಅಂಗಿಯ ಜೇಬಿನಿಂದ.

ಉತ್ತರ ಕರ್ನಾಟಕದ ‘ಕಿಸೆ’ಯೂ ಅರಬ್ಬಿಯ ‘ಕೀಸ್’ ಎಂಬ ಚೀಲವೇ. ಅಚ್ಚಗನ್ನಡವೇ ಬೇಕೆನ್ನುವವರಿಗೆ ‘ಬೊಕ್ಕಣ’ವಿದೆ.

ಪ್ರಶ್ನೆ: ಕೋಟು ಎಂಬುದಕ್ಕೂ ಕೋಟೆಗೂ ಸಂಬಂಧವಿದೆ, ಮೈಯನ್ನು ಕಾಯುವುದರಿಂದ ಆ ಹೆಸರು ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ನಿಜವೇ? ಬರೆಯುವಾಗ ಕೋಟ್ ಎನ್ನಬೇಕೋ ಕೋಟು ಎನ್ನಬೇಕೋ?
– ಓದುಗರೊಬ್ಬರು, ತಿಪಟೂರು

ಉತ್ತರ: ಸಂಬಂಧವಿಲ್ಲ. ಕೋಟು ಇಂಗ್ಲಿಷಿನಿಂದ ಬಂದದ್ದು. ಇಂಗ್ಲಿಷಿಗೆ ಹಳೆಯ ಫ್ರೆಂಚಿನಿಂದ, ಫ್ರೆಂಚಿಗೆ ಜರ್ಮನಿಕ್ ಭಾಷೆಯೊಂದರಿಂದ. ಇದೂ ಜುಬ್ಬದ ಜಾಡಿನಲ್ಲೇ ನಡೆದಿದೆ: ‘ಪೆಟಿಕೋಟು’ ಎಂದರೆ ಪುಟ್ಟ ಕೋಟು, ಮೊದಲಿಗೆ ಇಂಗ್ಲೆಂಡಿನ ಗಂಡಸರು ಮೇಲಂಗಿಯ ಒಳಗೆ ತೊಡುತ್ತಿದ್ದ ಗಿಡ್ಡ ಅಂಗಿ. ಅದು ಹೇಗೆ ಹೆಂಗಸರ ಒಳಲಂಗವಾಯಿತೆಂದು ಝೂಪಿನ ಕಥೆ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಬರವಣಿಗೆಯ ಮಾತು. ವ್ಯಂಜನದಲ್ಲಿ ಮುಗಿಯುವ ಎರವಲು ಪದಕ್ಕೆ ಉಕಾರ ಹಚ್ಚುವುದು ಕನ್ನಡದ ಜಾಯಮಾನ. ಬಸ್ಸು, ಕಾರು, ಬೂಟು ಎಂದಂತೆ ಕೋಟು ಎಂದೇ ಬರೆಯಿರಿ. ಆಗ ‘ಕೋಟ್‌ನ ಗುಂಡಿ’ ಎಂದು ತಡವರಿಸದೆ ‘ಕೋಟಿನ ಗುಂಡಿ’ ಎನ್ನಬಹುದು. ಕೊನೆಯ ನಕಾರದ ಮೇಲೆ ಮಾತ್ರ ಸ್ವಲ್ಪ ಗಮನವಿರಲಿ: ‘ಕೋಟಿನ ಬೆಲೆ’ ಎಂಬುದು ಅಚ್ಚಿನಲ್ಲಿ ‘ಕೋಟಿ ಬೆಲೆ’ ಎಂದಾಗಿ ದರ್ಜಿಯೊಬ್ಬರನ್ನು ಒಂದೇ ದಿನದಲ್ಲಿ ಶ್ರೀಮಂತರನ್ನಾಗಿಸಿದ್ದನ್ನು ನಾನು ಕಂಡಿದ್ದೇನೆ.